ನಳಿಕೆಗೆ ತೂತು ಬೇಡವೆಂದ ವಿನ್ಯಾಸ: ಎಂ1 ಗ್ಯಾರಂಡ್ ರೈಫಲ್‌ನ ಗ್ಯಾಸ್ ಸಿಲಿಂಡರ್ ಬದಲಾದ ಪ್ರಕರಣ

ಅಮೆರಿಕದ ಸೇನೆ 1936ರ ಜನವರಿ 9ರಂದು ಎಂ1 ಎಂಬ ಹೆಸರಿನಲ್ಲಿ ಅಂಗೀಕರಿಸಿದ .30 ಕ್ಯಾಲಿಬರ್ ರೈಫಲ್, ಒಂದು ದೊಡ್ಡ ರಾಷ್ಟ್ರದ ಕಾಲಾಳು ಪಡೆಯ ಪ್ರಮಾಣಿತ ಆಯುಧವಾದ ಮೊದಲ ಅರೆ-ಸ್ವಯಂಚಾಲಿತ ರೈಫಲ್ (ಪ್ರತಿ ಬಾರಿ ಟ್ರಿಗರ್ ಒತ್ತಿದಾಗ ಒಂದು ಗುಂಡು ಹಾರಿಸಿ, ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವಂಥದು) ಎಂದು ಇತಿಹಾಸದಲ್ಲಿ ದಾಖಲಾಗಿದೆ. ಅದೇ ರೈಫಲ್‌ನ ಮೂತಿಯ ಭಾಗವನ್ನು, ಅಂದರೆ ಮದ್ದಿನ ಅನಿಲವನ್ನು ಹಿಡಿದು ಯಂತ್ರವನ್ನು ಓಡಿಸುವ ಜೋಡಣೆಯನ್ನು, ಕಾರ್ಖಾನೆಯಲ್ಲಿ ತಯಾರಿಕೆ ಶುರುವಾದ ಮೂರೇ ವರ್ಷಗಳಲ್ಲಿ ಪೂರ್ತಿಯಾಗಿ ತೆಗೆದುಹಾಕಿ ಬೇರೊಂದು ತತ್ತ್ವದ ಮೇಲೆ ಮತ್ತೆ ರೂಪಿಸಬೇಕಾಯಿತು ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈಗಿನ ಅರೆ-ಸ್ವಯಂಚಾಲಿತ ರೈಫಲ್‌ಗಳಲ್ಲಿ ಹೀಗೆ ಅನಿಲ ಹಿಡಿಯುವ, ಗ್ಯಾಸ್ ಬ್ಲಾಕ್ ಎಂದು ಕರೆಸಿಕೊಳ್ಳುವ ಭಾಗ ಯಾವ ಯಾವ ಕೆಲಸಗಳನ್ನು ಹೊತ್ತಿರುತ್ತದೆ, ಅದನ್ನು ಬದಲಿಸಿದಾಗ ಬಂದೂಕಿನಲ್ಲಿ ಇನ್ನೇನೇನು ಬದಲಾಗುತ್ತದೆ ಎಂಬುದನ್ನು ಅರಿಯಲು ಇದಕ್ಕಿಂತ ತುಂಬಿದ ಉದಾಹರಣೆ ಸಿಗುವುದು ಕಷ್ಟ.

ಹಿನ್ನೆಲೆ

ರೈಫಲ್‌ನ ವಿನ್ಯಾಸಕಾರ ಜಾನ್ ಸಿ. ಗ್ಯಾರಂಡ್ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1888ರಲ್ಲಿ ಹುಟ್ಟಿದವರು. 1919ರಿಂದ 1953ರವರೆಗೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ, ಅಂದರೆ ಸರ್ಕಾರದ್ದೇ ಆದ ಶಸ್ತ್ರ ಕಾರ್ಖಾನೆಯಲ್ಲಿ, ಕೆಲಸ ಮಾಡಿದವರು. ಅವರ ಮೊದಲ ಬಂದೂಕುಗಳು ಅನಿಲದಿಂದ ಓಡುವಂಥವಾಗಿರಲೇ ಇಲ್ಲ. ತೋಟಾದ ಬುಡದಲ್ಲಿರುವ ಪ್ರೈಮರ್ ಸಿಡಿದಾಗ ತುಸು ಹಿಂದಕ್ಕೆ ಸರಿಯುವ ಚಲನೆಯಿಂದಲೇ, ತೋಟಾದ ಹಿಂದೆ ನಳಿಕೆಯನ್ನು ಮುಚ್ಚುವ ಬೋಲ್ಟ್‌ನ ಅಗುಳಿ ತೆರೆಯುವಂತೆ ಅವರು ಯಂತ್ರವನ್ನು ರೂಪಿಸಿದ್ದರು. 1920ರ ದಶಕದ ನಡುವೆ ಸೇನೆ ಹೊಸ ಮದ್ದಿನ ಹೊಸ ತೋಟಾವನ್ನು ತಂದು, ಪ್ರೈಮರ್ ಅಲುಗದಂತೆ ಅದರ ಸುತ್ತ ಅಂಚನ್ನು ಒತ್ತಿ ಬಿಗಿಸತೊಡಗಿದ ಮೇಲೆ ಆ ದಾರಿ ಮುಚ್ಚಿತು. ಆಗ ಅವರು ಅನಿಲದ ಕಡೆಗೆ ತಿರುಗಿದರು.

ಪೈಪೋಟಿಯಲ್ಲಿದ್ದ ಜಾನ್ ಪೆಡರ್ಸನ್ ಅವರ ರೈಫಲ್‌ಗೆ .276 ಕ್ಯಾಲಿಬರ್‌ನ ಚಿಕ್ಕ ತೋಟಾ ಇತ್ತು, ಮತ್ತು ಆ ತೋಟಾಗಳ ಮೇಲೆ ಮೇಣದ ತೆಳುಪದರ ಬೇಕಾಗಿತ್ತು. ಗ್ಯಾರಂಡ್ ಕೂಡ .276ರ ಮಾದರಿಯನ್ನು ಸಿದ್ಧಪಡಿಸಿದರು. 1932ರಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಡಗ್ಲಸ್ ಮ್ಯಾಕ್‌ಆರ್ಥರ್ .276 ಬೇಡ, ದಾಸ್ತಾನಿನಲ್ಲಿ ಅಪಾರವಾಗಿ ಬಿದ್ದಿರುವ .30 ತೋಟಾವೇ ಇರಲಿ ಎಂದು ತೀರ್ಮಾನಿಸಿದ್ದರಿಂದ ಪೆಡರ್ಸನ್ ರೈಫಲ್ ಹಿಂದೆ ಸರಿದು ಗ್ಯಾರಂಡ್ ರೈಫಲ್ ಮುಂದೆ ಬಂತು. ಈ ತೀರ್ಮಾನ ನಮ್ಮ ಪ್ರಕರಣಕ್ಕೂ ಸಂಬಂಧಪಟ್ಟದ್ದೇ. ಚಿಕ್ಕ ತೋಟಾಕ್ಕಿಂತ ಈ .30 ತೋಟಾದಲ್ಲಿ (ಅದರ ಪೂರ್ತಿ ಹೆಸರು .30-06) ಮದ್ದು ಹೆಚ್ಚು, ಆದ್ದರಿಂದ ನಳಿಕೆಯ ಬಾಯಿಗೆ ಬಂದು ಮುಟ್ಟುವ ಅನಿಲವೂ ಹೆಚ್ಚು, ಜೊತೆಗೆ ಅದು ಬಿಟ್ಟುಹೋಗುವ ಮಸಿಯೂ ಹೆಚ್ಚು.

ಮೊದಲ ಜೋಡಣೆ ಹೇಗಿತ್ತು

ಅನಿಲದಿಂದ ಓಡುವ ಬಂದೂಕುಗಳಲ್ಲಿ ಸಾಮಾನ್ಯವಾಗಿ ನಳಿಕೆಯ ಮೈಯಲ್ಲಿ ಎಲ್ಲೋ ಒಂದು ಕಡೆ ಸಣ್ಣ ತೂತು ಕೊರೆದಿರುತ್ತಾರೆ. ಗುಂಡು ಆ ತೂತನ್ನು ದಾಟಿದ ಕ್ಷಣದಲ್ಲಿ ಹಿಂದಿನ ಬಿಸಿ ಅನಿಲದ ಒಂದು ಪಾಲು ಹೊರನುಗ್ಗಿ ಪಿಸ್ಟನ್ ಅನ್ನು ತಳ್ಳುತ್ತದೆ. 1936ರ ಎಂ1ನಲ್ಲಿ ಅಂಥ ತೂತು ಇರಲಿಲ್ಲ. ನಳಿಕೆಯನ್ನು ತುಸು ಮೊದಲೇ ಮುಗಿಸಿ, ಅದರ ಮುಂದೆ ಸ್ವಲ್ಪ ಖಾಲಿ ಜಾಗ ಬಿಟ್ಟು, ಅದಕ್ಕೂ ಮುಂದೆ ಗುಂಡು ಹಾದುಹೋಗುವಷ್ಟು ರಂಧ್ರವಿದ್ದ ಒಂದು ಕೃತಕ ಮೂತಿಯನ್ನು ಕೂರಿಸಲಾಗಿತ್ತು. ಗುಂಡು ನಿಜವಾದ ನಳಿಕೆಯನ್ನು ಬಿಟ್ಟು ಈ ಎರಡನೆಯ ರಂಧ್ರದೊಳಗೆ ಹೊಕ್ಕಾಗ, ಅದರ ಬೆನ್ನಟ್ಟಿ ಬಂದ ಅನಿಲ ನಡುವಿನ ಜಾಗದಲ್ಲಿ ಕ್ಷಣಕಾಲ ಸಿಕ್ಕಿಬಿದ್ದು, ಕೆಳಗಿದ್ದ ಸಿಲಿಂಡರಿಗೆ ಇಳಿದು, ಬೋಲ್ಟ್ ಅನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಆಪರೇಟಿಂಗ್ ರಾಡ್‌ನ ತುದಿಯಲ್ಲಿದ್ದ ಪಿಸ್ಟನ್ ಅನ್ನು ಹಿಂದಕ್ಕೆ ನೂಕುತ್ತಿತ್ತು. ಗ್ಯಾಸ್ ಟ್ರ್ಯಾಪ್ ಎಂದು ಹೆಸರಾದ ಏರ್ಪಾಡು ಇದೇ.

ನಳಿಕೆಯನ್ನು ಕೊರೆಯಬಾರದೆಂಬ ಎಚ್ಚರಿಕೆಯ ಹಿಂದೆ ಆ ಕಾಲದ ಶಸ್ತ್ರತಜ್ಞರಲ್ಲಿ ಹಲವರಿಗಿದ್ದ ಅಂಜಿಕೆಗಳಿದ್ದವು. ತೂತಿನ ಅಂಚು ಬಿಸಿ ಅನಿಲಕ್ಕೆ ಸವೆದು ದೊಡ್ಡದಾಗಬಹುದು, ಹಾದುಹೋಗುವ ಗುಂಡಿನ ತಾಮ್ರದ ಹೊದಿಕೆಯನ್ನು ಆ ಅಂಚು ಕೆರೆಯಬಹುದು, ನಳಿಕೆಯ ಕಂಪನ ಬದಲಾಗಿ ಗುರಿಯ ನಿಖರತೆ ಕೆಡಬಹುದು ಎಂಬುವು ಅವುಗಳಲ್ಲಿ ಮುಖ್ಯವಾದವು. ಇವು ಯಾವುವೂ ಹುರುಳಿಲ್ಲದ ಮಾತುಗಳಲ್ಲ. ತೂತಿನ ಸವೆತವಂತೂ ಇವತ್ತಿಗೂ ಗ್ಯಾಸ್ ಬ್ಲಾಕ್ ಕೆಲಸ ಮಾಡುವವರ ನಿತ್ಯದ ತಲೆನೋವು. ಆದರೆ ಅದೇ ಸೇನೆಯ ಕೈಯಲ್ಲಿ, ಅದೇ .30-06 ತೋಟಾವನ್ನು ಹಾರಿಸುತ್ತ, 1918ರಿಂದಲೂ ಬ್ರೌನಿಂಗ್ ಆಟೋಮ್ಯಾಟಿಕ್ ರೈಫಲ್ ಇತ್ತು. ಅದರ ನಳಿಕೆಯಲ್ಲಿ ತೂತಿತ್ತು, ಆ ತೂತಿನ ಮುಂದೆ ಮೂರು ಅಳತೆಯ ರಂಧ್ರಗಳಿದ್ದ, ಅನಿಲದ ಪ್ರಮಾಣ ಹೊಂದಿಸುವ ರೆಗ್ಯುಲೇಟರ್ ಕೂಡ ಇತ್ತು. ತೂತಿನ ನಳಿಕೆ ಯುದ್ಧಭೂಮಿಯಲ್ಲಿ ಬಾಳುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಮನೆಯೊಳಗೇ ಇತ್ತೆನ್ನಬೇಕು. ಆ ಉತ್ತರವನ್ನು ಹಗುರ ಕಾಲಾಳು ರೈಫಲ್‌ಗೆ ಅನ್ವಯಿಸಿ ನೋಡಲು ಹತ್ತಾರು ಸಾವಿರ ರೈಫಲ್‌ಗಳು ಹೊರಬರುವವರೆಗೆ ಕಾಯಬೇಕಾಗಿ ಬಂದದ್ದು ಈ ಪ್ರಕರಣದ ಅತ್ಯಂತ ದುರ್ಬಲ ಕೊಂಡಿ ಎಂಬುದು ನನ್ನ ಅಭಿಪ್ರಾಯ.

ದೋಷಗಳು ಬೆಳಕಿಗೆ ಬಂದ ಬಗೆ

ಕಾರ್ಖಾನೆಯಿಂದ ಹೊರಬಂದ ಮೊದಲ ರೈಫಲ್‌ಗಳ ಪರೀಕ್ಷೆ 1937ರ ನಡುವೆ ನಡೆಯಿತು. ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ದಿನಕ್ಕೆ ಹತ್ತರಂತೆ ತಯಾರಿಕೆ ಆರಂಭವಾಯಿತು. ರೈಫಲ್‌ಗಳು ಸೈನಿಕರ ಕೈಗೆ ಹೋದ ಮೇಲೆ ಮೂತಿಯ ಜೋಡಣೆಯ ಬಗ್ಗೆ ಬಂದ ದೂರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಅವೆಲ್ಲ ಒಂದೇ ಬೇರಿನಿಂದ ಹೊರಟವು ಎಂಬುದು ಗೊತ್ತಾಗುತ್ತದೆ.

ಮೊದಲನೆಯದು ಮಸಿ. ಅನಿಲ ಇಕ್ಕಟ್ಟಾದ ಜಾಗದಲ್ಲಿ ಹಿಗ್ಗಿ ತಟ್ಟನೆ ತಣ್ಣಗಾಗುವ ಕಡೆಯಲ್ಲೇ ಮದ್ದಿನ ಉಳಿಕೆ ಗಟ್ಟಿಯಾಗಿ ಕೂರುತ್ತದೆ. ಗ್ಯಾಸ್ ಟ್ರ್ಯಾಪ್‌ನಲ್ಲಿ ನಳಿಕೆಯ ಬಾಯಿಂದ ಹೊರಬೀಳುವ ಅನಿಲದ ಪೂರ್ತಿ ಹರಿವೇ ಆ ಜಾಗದ ಮೂಲಕ ಹಾದುಹೋಗಬೇಕಿತ್ತಾದ್ದರಿಂದ, ಪಿಸ್ಟನ್ ಓಡಿಸಲು ಬೇಕಾದ ಅಲ್ಪ ಪಾಲಿನ ಮಸಿಯಷ್ಟೇ ಅಲ್ಲದೆ ಇಡೀ ಹೊಡೆತದ ಮಸಿಗೆ ಅದು ಎದೆಯೊಡ್ಡಬೇಕಾಗಿತ್ತು. ಸಾಲದ್ದಕ್ಕೆ ಆ ಕಾಲದ ಸೇನಾ ತೋಟಾಗಳ ಪ್ರೈಮರ್‌ನಲ್ಲಿ ಕ್ಲೋರೇಟ್ ಲವಣವಿರುತ್ತಿತ್ತು. ಅದು ಉರಿದು ಬಿಟ್ಟುಹೋಗುವ ಉಪ್ಪು ಗಾಳಿಯ ತೇವವನ್ನು ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ನಳಿಕೆಯನ್ನಾದರೆ ಕಡ್ಡಿ ಹಾಕಿ ಒರೆಸಬಹುದು, ಆದರೆ ಕೃತಕ ಮೂತಿಯ ಹಿಂದಿನ ಮೂಲೆಗಳಿಗೆ ಸೈನಿಕನ ಕಡ್ಡಿ ಸುಲಭವಾಗಿ ತಲುಪುವಂತಿರಲಿಲ್ಲ.

ಎರಡನೆಯದು ಭದ್ರತೆ. ಗುರಿ ಹಿಡಿಯಲು ಬಳಸುವ ಮುಂದಿನ ಮೊನೆಯನ್ನು, ಅಂದರೆ ಫ್ರಂಟ್ ಸೈಟ್ ಅನ್ನು, ಈ ಜೋಡಣೆಯ ಮೇಲೆಯೇ ಕೂರಿಸಲಾಗಿತ್ತು, ಮತ್ತು ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿಯಾದ ಬಯೊನೆಟ್ ಕೂಡ ಇದಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಹೊಡೆತಕ್ಕೂ ಒಳಗಿನಿಂದ ಅನಿಲದ ಏಟು, ಬಯೊನೆಟ್ ಅಭ್ಯಾಸದಲ್ಲಿ ಹೊರಗಿನಿಂದ ಸನ್ನೆಗೋಲಿನಂಥ ಎಳೆತ, ಇವೆರಡನ್ನೂ ತಡೆದುಕೊಳ್ಳುವಷ್ಟು ಗಟ್ಟಿಯಾದ ಹಿಡಿತ ನಳಿಕೆಯ ತುದಿಯಲ್ಲಿ ಅದಕ್ಕೆ ಇರಲಿಲ್ಲ. ಜೋಡಣೆ ಕೂದಲೆಳೆಯಷ್ಟು ಸಡಿಲವಾದರೂ ಫ್ರಂಟ್ ಸೈಟ್ ಅದರೊಂದಿಗೆ ಅಲುಗಿ, ನೂರಾರು ಮೀಟರ್ ಆಚೆಗಿನ ಗುರಿ ತಪ್ಪಿಹೋಗುತ್ತದೆ. ನಳಿಕೆಗೆ ತೂತು ಕೊರೆದರೆ ನಿಖರತೆ ಕೆಟ್ಟೀತು ಎಂದು ಆಯ್ದುಕೊಂಡ ದಾರಿಯೇ ಕೊನೆಗೆ ನಿಖರತೆಗೆ ಮುಳುವಾಯಿತು.

ಮೂರನೆಯದು ಸಂಖ್ಯೆಯಲ್ಲಿ ವಿರಳವಾದರೂ ಭಯ ಹುಟ್ಟಿಸುವಂಥದು. ಕೃತಕ ಮೂತಿಯ ರಂಧ್ರ ನಳಿಕೆಯ ನೇರಕ್ಕೆ ಕರಾರುವಾಕ್ಕಾಗಿ ಇದ್ದಾಗ ಮಾತ್ರ ಗುಂಡು ಅದನ್ನು ಮುಟ್ಟದೆ ದಾಟುತ್ತದೆ. ಬಿಗಿ ಸಡಿಲಗೊಂಡು ಆ ಭಾಗ ಓರೆಯಾದರೆ ಗುಂಡು ಲೋಹಕ್ಕೆ ತಗಲುವ ಸಾಧ್ಯತೆ ಎದುರಾಗುತ್ತದೆ. ನಳಿಕೆಯ ಮೈಮೇಲಿನ ಗ್ಯಾಸ್ ಬ್ಲಾಕ್ ಸಡಿಲವಾದರೆ ಬಂದೂಕು ನಿಲ್ಲುತ್ತದೆ, ಅಷ್ಟೇ. ಗುಂಡಿನ ಹಾದಿಯಲ್ಲೇ ಕುಳಿತ ಭಾಗ ಸಡಿಲವಾದರೆ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ.

ಏಳನೆಯ ತೋಟಾದ ತೊಡಕು

ರೈಫಲ್ ಕೈಕೊಟ್ಟಾಗ ತಪ್ಪೆಲ್ಲ ಗ್ಯಾಸ್ ವ್ಯವಸ್ಥೆಯದೇ ಎಂದು ತೀರ್ಮಾನಿಸುವುದು ಆಗಲೂ ಸುಲಭವಾಗಿತ್ತು, ಈಗಲೂ ಸುಲಭ. ಎಂ1ಗೆ ಎಂಟು ತೋಟಾಗಳನ್ನು ಒಂದು ಉಕ್ಕಿನ ಕ್ಲಿಪ್‌ನೊಂದಿಗೇ ಒಳಗೆ ತಳ್ಳಬೇಕು. ತಯಾರಿಕೆ ಹೆಚ್ಚಿದ ಹಾಗೆ ಒಂದು ವಿಚಿತ್ರ ದೂರು ಬರತೊಡಗಿತು: ಆರು ತೋಟಾಗಳು ಸರಾಗವಾಗಿ ಹೋಗಿ, ಏಳನೆಯದು ಮಾತ್ರ ಸರಿಯಾಗಿ ಏರದೆ ಸಿಕ್ಕಿಬೀಳುತ್ತಿತ್ತು. ಅನಿಲ ಸಾಕಾಗದೆ ಬೋಲ್ಟ್ ಅರ್ಧಕ್ಕೇ ಹಿಂತಿರುಗುತ್ತಿದ್ದರೆ ತೊಡಕು ಯಾವ ತೋಟಾದಲ್ಲಿ ಬೇಕಾದರೂ ಕಾಣಬೇಕು. ಒಂದೇ ಸ್ಥಾನದ ತೋಟಾದಲ್ಲಿ ಪದೇ ಪದೇ ಕಾಣುವ ತೊಡಕಿನ ಮೂಲ ತೋಟಾಗಳು ಏರುವ ದಾರಿಯಲ್ಲಿರುತ್ತದೆಯೇ ಹೊರತು ಅವನ್ನು ಓಡಿಸುವ ಬಲದಲ್ಲಿ ಅಲ್ಲ. ಹುಡುಕಿದಾಗ ಸಿಕ್ಕಿದ್ದೂ ಅದೇ. ಕುಶಲಕರ್ಮಿಗಳು ಕೈಯಾರೆ ಮಾಡಿದ ಮಾದರಿ ರೈಫಲ್‌ಗಳ ರಿಸೀವರ್‌ನಲ್ಲಿ (ಬೋಲ್ಟ್ ಓಡಾಡುವ ನಡುಭಾಗದಲ್ಲಿ) ತೋಟಾಗಳಿಗೆ ಒತ್ತಾಸೆಯಾಗಿದ್ದ ಒಂದು ಸಣ್ಣ ಅಂಚಿನ ಲೋಹ, ಕಾರ್ಖಾನೆಯ ಯಂತ್ರಗೆಲಸದಲ್ಲಿ ಕತ್ತರಿಸಿಹೋಗುತ್ತಿತ್ತು. ಆ ಅಂಚನ್ನು ಉಳಿಸಿಕೊಂಡ ಮೇಲೆ ತೊಡಕು ನಿಂತಿತು.

ಇದನ್ನು ಇಲ್ಲಿ ವಿವರವಾಗಿ ಹೇಳಲು ಕಾರಣವಿದೆ. ಎರಡು ದೋಷಗಳು ಒಂದೇ ಕಾಲದಲ್ಲಿ, ಒಂದೇ ಆಯುಧದಲ್ಲಿ, ಒಂದೇ ಬಗೆಯ ಲಕ್ಷಣದೊಂದಿಗೆ ಕಾಣಿಸಿಕೊಂಡಾಗ, ಮೂತಿಯ ಜೋಡಣೆಯನ್ನು ಬದಲಿಸಿ ಸುಮ್ಮನಾಗಿದ್ದರೆ ಏಳನೆಯ ತೋಟಾ ಆಮೇಲೂ ಸಿಕ್ಕಿಬೀಳುತ್ತಿತ್ತು, ಹೊಸ ಸಿಲಿಂಡರಿಗೆ ಹಳೆಯದರ ಕೆಟ್ಟ ಹೆಸರೇ ಅಂಟುತ್ತಿತ್ತು. ಗ್ಯಾಸ್ ಬ್ಲಾಕ್‌ಗೆ ಕೈಹಾಕುವ ಮೊದಲು ಖಾಲಿ ತೋಟಾ ಎಷ್ಟು ದೂರ, ಯಾವ ದಿಕ್ಕಿಗೆ ಬೀಳುತ್ತಿದೆ, ಕೊನೆಯ ಹೊಡೆತದ ನಂತರ ಬೋಲ್ಟ್ ಹಿಂದೆಯೇ ನಿಲ್ಲುತ್ತಿದೆಯೇ, ತೊಡಕು ನಿರ್ದಿಷ್ಟ ಸ್ಥಾನದಲ್ಲಿದೆಯೇ ಎಂದು ಅನುಭವಸ್ಥ ಶಸ್ತ್ರಕರ್ಮಿಗಳು ನೋಡುವುದು ಇದೇ ಕಾರಣಕ್ಕೆ.

ಹೊಸ ಜೋಡಣೆ

1939ರಲ್ಲಿ ಬದಲಾವಣೆಗೆ ಒಪ್ಪಿಗೆ ಸಿಕ್ಕಿ, 1940ರಲ್ಲಿ ಹೊಸ ನಳಿಕೆ, ಹೊಸ ಗ್ಯಾಸ್ ಸಿಲಿಂಡರ್, ಹೊಸ ಫ್ರಂಟ್ ಸೈಟ್ ಜೋಡಣೆ ತಯಾರಿಕೆಗೆ ಬಂದವು. ಈ ಬಾರಿ ನಳಿಕೆ 24 ಇಂಚಿನ ತನ್ನ ಪೂರ್ತಿ ಉದ್ದಕ್ಕೂ ತಾನೇ ಚಾಚಿತ್ತು, ಮತ್ತು ಬಾಯಿಂದ ಸುಮಾರು ಒಂದೂವರೆ ಇಂಚು ಹಿಂದೆ, ಅದರ ಅಡಿಭಾಗದಲ್ಲಿ, ಸುಮಾರು 2 ಮಿಲಿಮೀಟರ್ ವ್ಯಾಸದ ಒಂದು ತೂತಿತ್ತು.

ಈ ಅಳತೆಗಳನ್ನು ಸ್ವಲ್ಪ ಲೆಕ್ಕಹಾಕಿ ನೋಡುವುದು ಒಳ್ಳೆಯದು. ಗುಂಡು ಬಾಯಿಯ ಹತ್ತಿರ ಸೆಕೆಂಡಿಗೆ ಸುಮಾರು 2,800 ಅಡಿ ವೇಗದಲ್ಲಿರುತ್ತದೆ. ತೂತನ್ನು ದಾಟಿ ಒಂದೂವರೆ ಇಂಚು ಸಾಗಿ ಹೊರಬೀಳಲು ಅದಕ್ಕೆ ಬೇಕಾಗುವ ಕಾಲ ಒಂದು ಸೆಕೆಂಡಿನ ಲಕ್ಷ ಭಾಗಗಳಲ್ಲಿ ಐದಕ್ಕಿಂತಲೂ ಕಡಿಮೆ. ಗುಂಡು ನಳಿಕೆಗೆ ಬೆಣೆ ಹೊಡೆದಂತಿರುವ ಅವಧಿ ಅಷ್ಟೇ. ಅದು ಹೊರಬಿದ್ದ ಕೂಡಲೇ ಒತ್ತಡ ಕುಸಿಯತೊಡಗುತ್ತದೆ. ಹೀಗೆ ಅಲ್ಪಕಾಲ ಸಿಗುವ ಅನಿಲದಿಂದ ಭಾರವಾದ ಆಪರೇಟಿಂಗ್ ರಾಡ್‌ಗೆ ಸಾಕಷ್ಟು ವೇಗ ಕೊಡಬೇಕಾದರೆ ಪಿಸ್ಟನ್‌ನ ಮುಖ ಅಗಲವಾಗಿರಬೇಕು. ಎಂ1ರ ಪಿಸ್ಟನ್ ವ್ಯಾಸ 13 ಮಿಲಿಮೀಟರ್‌ಗಿಂತ ತುಸು ಹೆಚ್ಚು, ಅಂದರೆ ಅದರ ಮುಖದ ವಿಸ್ತೀರ್ಣ ತೂತಿನ ವಿಸ್ತೀರ್ಣದ ನಲವತ್ತು ಪಟ್ಟಿಗೂ ಮಿಗಿಲು. ನಳಿಕೆಯ ಒಳ ಅಡ್ಡಕೊಯ್ತಕ್ಕೆ ಹೋಲಿಸಿದರೆ ಆ ತೂತು ಹದಿನೈದರಲ್ಲಿ ಒಂದು ಪಾಲಿನಷ್ಟು ಮಾತ್ರ. ಹಿಂದಿನ ಜೋಡಣೆಯಲ್ಲಿ ಅನಿಲದ ಪೂರ್ತಿ ಹರಿವು ಹಾದುಹೋಗುತ್ತಿದ್ದ ಕಡೆ ಈಗ ಈ ಸಣ್ಣ ಕಿಂಡಿಯಲ್ಲಿ ನುಸುಳಿದಷ್ಟೇ ಬರುತ್ತದೆ, ಮಿಕ್ಕದ್ದು ಗುಂಡಿನ ಹಿಂದೆ ಹೊರಗೆ ಹೋಗುತ್ತದೆ. ಮಸಿಯ ಸಮಸ್ಯೆ ಬಹುಮಟ್ಟಿಗೆ ತಾನಾಗಿ ತಗ್ಗಿದ್ದಕ್ಕೆ ಈ ಅನುಪಾತವೇ ಕಾರಣ.

ಸಿಲಿಂಡರ್ ನಳಿಕೆಯ ಮೇಲೆ ಕೂರುವ ಬಗೆಯೂ ಬದಲಾಯಿತು. ನಳಿಕೆಯ ತುದಿಯ ಮೈಮೇಲೆ ಉದ್ದಕ್ಕೆ ಮೂರು ಏಣುಗಳು. ಅವುಗಳಿಗೆ ಹೊಂದುವ ಮೂರು ತೋಡುಗಳು ಸಿಲಿಂಡರ್‌ನ ಉಂಗುರದಲ್ಲಿ. ಸಿಲಿಂಡರ್ ಮುಂದಿನಿಂದ ಜಾರಿಕೊಂಡು ಬಂದು ಈ ಏಣುಗಳ ಮೇಲೆ ಕೂರುವುದರಿಂದ ಅದು ಪಕ್ಕಕ್ಕೆ ತಿರುಗಲಾರದು, ಮತ್ತು ಅದರೊಳಗಿನ ಕಿಂಡಿ ನಳಿಕೆಯ ತೂತಿಗೆ ಸರಿಯಾಗಿ ಎದುರಾಗುತ್ತದೆ. ಮುಂದಿನಿಂದ ಒಂದು ಲಾಕ್ ನಳಿಕೆಯ ಮೇಲಿನ ತಿರುಪಿನ ಸುತ್ತುಗಳ ಮೇಲೆ ತಿರುಗಿ ಅದನ್ನು ಹಿಡಿದಿಡುತ್ತದೆ. ಸಿಲಿಂಡರ್‌ನ ಮುಂಬಾಯನ್ನು ಮುಚ್ಚುವ ಸ್ಕ್ರೂ ಆ ಲಾಕ್ ಮೂಲಕವೇ ಹಾದುಹೋಗುವುದರಿಂದ ಲಾಕ್ ತಾನಾಗಿ ಸಡಿಲವಾಗದಂತೆಯೂ ಅದು ಕಾಯುತ್ತದೆ. ಸ್ವಚ್ಛಗೊಳಿಸಬೇಕಾದಾಗ ಸ್ಕ್ರೂ ಬಿಚ್ಚಿದರೆ ಸಿಲಿಂಡರ್‌ನ ಒಳಗು ತೆರೆದುಕೊಳ್ಳುತ್ತದೆ.

ಸಿಲಿಂಡರ್ ಅನ್ನು ಸ್ಟೇನ್‌ಲೆಸ್ ಉಕ್ಕಿನಿಂದ ಮಾಡಿದ್ದು ಪ್ರೈಮರ್‌ನ ಉಪ್ಪಿಗೆ ಕೊಟ್ಟ ಉತ್ತರ. ಅದರಿಂದ ಒಂದು ಸಣ್ಣ ತಾಪತ್ರಯವೂ ಹುಟ್ಟಿತು: ರೈಫಲ್‌ನ ಉಳಿದ ಭಾಗಗಳಿಗೆ ಕೊಡುತ್ತಿದ್ದ ಫಾಸ್ಫೇಟ್ ಲೇಪ ಸ್ಟೇನ್‌ಲೆಸ್ ಉಕ್ಕಿಗೆ ಹಿಡಿಯದು, ಆದ್ದರಿಂದ ಅದಕ್ಕೆ ಕಪ್ಪು ಬಣ್ಣ ಬಳಿಯಬೇಕಾಯಿತು. ಹೆಚ್ಚು ಬಳಸಿದ ಎಂ1ಗಳ ಮೂತಿಯಲ್ಲಿ ಬಣ್ಣ ಸವೆದು ಬೆಳ್ಳಗೆ ಹೊಳೆಯುವುದಕ್ಕೆ ಇದೇ ಕಾರಣ.

ಇಷ್ಟಾದರೂ ಫ್ರಂಟ್ ಸೈಟ್ ಸಿಲಿಂಡರ್ ಮೇಲೆಯೇ ಉಳಿಯಿತು, ಬಯೊನೆಟ್ ಸಿಕ್ಕಿಸುವ ಗೂಟವೂ ಅಲ್ಲಿಯೇ ಉಳಿಯಿತು. ಅಂದರೆ ಅನಿಲ, ಗುರಿ, ಬಯೊನೆಟ್ ಎಂಬ ಮೂರು ಹೊಣೆಗಳನ್ನು ಒಂದೇ ಭಾಗದ ಮೇಲೆ ಹೊರಿಸಿದ ಮೂಲ ತೀರ್ಮಾನ ಹಾಗೆಯೇ ಮುಂದುವರಿಯಿತು. ಬದಲಾದದ್ದು ಅದರ ಹಿಡಿತ ಮಾತ್ರ. ಗುರಿಸ್ಪರ್ಧೆಗಾಗಿ ಎಂ1 ಸಿದ್ಧಪಡಿಸುವ ಕುಶಲಕರ್ಮಿಗಳು ಸಿಲಿಂಡರ್ ಏಣುಗಳ ಮೇಲೆ ಚೂರೂ ಅಲುಗದಂತೆ ಕೂರಿಸಲು ಮತ್ತು ಅದರ ಹಿಂದಿನ ಪಟ್ಟಿಯನ್ನು ಅದಕ್ಕೇ ಬೆಸೆದು ಒಂದಾಗಿಸಲು ಪಡುವ ಶ್ರಮ ಈ ಉಳಿಕೆ ದೋಷದ ಸಾಕ್ಷಿ.

ತಯಾರಿಕೆಯ ನಡುವೆ ಬದಲಾವಣೆ

1939ರ ಸೆಪ್ಟೆಂಬರ್‌ನಲ್ಲಿ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಓಡುತ್ತಿರುವ ತಯಾರಿಕೆಯ ಸಾಲನ್ನು ತಡೆದು ನಳಿಕೆಯನ್ನೇ ಬದಲಿಸುವುದೆಂದರೆ ಅಚ್ಚುಗಳು, ಕೊರೆಯುವ ಸಲಕರಣೆಗಳು, ಅಳತೆಯ ಗೇಜ್‌ಗಳು ಎಲ್ಲವನ್ನೂ ಹೊಸದಾಗಿ ಮಾಡುವುದು. ಅದುವರೆಗೆ ಹಳೆಯ ಜೋಡಣೆಯೊಂದಿಗೆ ಸುಮಾರು 50,000 ರೈಫಲ್‌ಗಳು ತಯಾರಾಗಿದ್ದವು. ಅವನ್ನು ಹಿಂದಕ್ಕೆ ಕರೆಸಿ ಹೊಸ ಭಾಗಗಳನ್ನು ಹಾಕಿ ಮತ್ತೆ ಕೊಡುವ ಕೆಲಸವೂ ಜೊತೆಗೇ ನಡೆಯಬೇಕಿತ್ತು. ಕೆಲಸ ಎಷ್ಟು ಅಚ್ಚುಕಟ್ಟಾಗಿ ನಡೆಯಿತೆಂದರೆ, ಮೂಲದ ಗ್ಯಾಸ್ ಟ್ರ್ಯಾಪ್ ಮೂತಿಯನ್ನು ಉಳಿಸಿಕೊಂಡ ಎಂ1 ಇಂದು ಸಂಗ್ರಹಕಾರರ ಕಣ್ಣಿಗೆ ಬೀಳುವುದೇ ಅಪರೂಪ. ವಿಂಚೆಸ್ಟರ್ ಕಂಪನಿಯ ಎಂ1ಗಳು ಹೊರಬರುವ ಹೊತ್ತಿಗೆ ಹೊಸ ವಿನ್ಯಾಸ ನೆಲೆಗೊಂಡಿತ್ತು, ಹಾಗಾಗಿ ಅಲ್ಲಿ ಹಳೆಯ ಬಗೆಯವು ತಯಾರಾಗಲಿಲ್ಲ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1941ರ ಜನವರಿ ಹೊತ್ತಿಗೆ ದಿನದ ತಯಾರಿಕೆ 600ಕ್ಕೆ ಮುಟ್ಟಿತ್ತು. ಬದಲಾವಣೆಯನ್ನು ಇನ್ನೆರಡು ವರ್ಷ ಮುಂದೂಡಿದ್ದರೆ ಹಿಂದಕ್ಕೆ ಕರೆಸಬೇಕಾದ ರೈಫಲ್‌ಗಳು ಸಾಗರದಾಚೆಯ ರಣರಂಗಗಳಲ್ಲಿ ಚದುರಿರುತ್ತಿದ್ದವು.

ಇದೇ ವರ್ಷಗಳಲ್ಲಿ ಜರ್ಮನಿ ನಡೆದ ದಾರಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ತನ್ನ ಅರೆ-ಸ್ವಯಂಚಾಲಿತ ರೈಫಲ್‌ನ ನಳಿಕೆಗೆ ತೂತು ಕೊರೆಯಕೂಡದೆಂದು ಜರ್ಮನ್ ಸೇನೆ ಷರತ್ತು ಹಾಕಿತ್ತು. ಆದ್ದರಿಂದ ಮೌಸರ್ ಮತ್ತು ವಾಲ್ಟರ್ ಕಂಪನಿಗಳು ರೂಪಿಸಿದ ಜಿ41 ಮಾದರಿಗಳೆರಡೂ, ಡೆನ್ಮಾರ್ಕಿನ ಸೋರನ್ ಬ್ಯಾಂಗ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟಿದ್ದ ಹಾಗೆ, ಬಾಯಲ್ಲೇ ಅನಿಲ ಹಿಡಿಯುವ ಏರ್ಪಾಡನ್ನು ಅವಲಂಬಿಸಿದವು. ಮೂತಿ ಭಾರವಾಯಿತು, ಮಸಿ ಕಟ್ಟಿತು, ಯಂತ್ರ ಸಿಕ್ಕಿಬೀಳತೊಡಗಿತು. ಪೂರ್ವ ರಣರಂಗದಲ್ಲಿ ಸೋವಿಯತ್ತರ ಎಸ್‌ವಿಟಿ-40 ಕೈಗೆ ಸಿಕ್ಕಿದ ಮೇಲೆ ಅದರ ಬಗೆಯ ತೂತು ಮತ್ತು ಗಿಡ್ಡ ಪಿಸ್ಟನ್ ಅನ್ನು ಅಳವಡಿಸಿಕೊಂಡ ಜಿ43 ಬಂದದ್ದು 1943ರಲ್ಲಿ. ಅಮೆರಿಕ ಶಾಂತಿಕಾಲದಲ್ಲಿ ತನ್ನದೇ ರೈಫಲ್‌ನಿಂದ ಕಲಿತದ್ದನ್ನು ಜರ್ಮನಿ ಯುದ್ಧದ ನಡುವೆ ಎದುರಾಳಿಯ ರೈಫಲ್‌ನಿಂದ ಕಲಿಯಬೇಕಾಯಿತು.

ತೂತು ತಂದ ಹೊಸ ಹೊಣೆಗಳು

ಒಮ್ಮೆ ಕೊರೆದ ತೂತಿನ ಅಳತೆ ಸ್ಥಿರ. ಬ್ರೌನಿಂಗ್ ಆಟೋಮ್ಯಾಟಿಕ್ ರೈಫಲ್‌ನಲ್ಲಿದ್ದಂಥ ರೆಗ್ಯುಲೇಟರ್ ಎಂ1ನಲ್ಲಿ ಇಲ್ಲ. ಹೀಗಾಗಿ ಪಿಸ್ಟನ್‌ಗೆ ಸಿಗುವ ಬಲವನ್ನು ನಿರ್ಧರಿಸುವುದು ತೋಟಾ ಮಾತ್ರ. ಇಲ್ಲಿ ಅನೇಕರು ಎಡವುವ ಒಂದು ಸೂಕ್ಷ್ಮವಿದೆ. ತೋಟಾ ಸುರಕ್ಷಿತವೇ ಎಂದು ಅಳೆಯುವುದು ಚೇಂಬರ್‌ನಲ್ಲಿ, ಅಂದರೆ ತೋಟಾ ಕೂರುವ ನಳಿಕೆಯ ಹಿಂಬದಿಯಲ್ಲಿ, ಏರುವ ಗರಿಷ್ಠ ಒತ್ತಡದಿಂದ. ನಿಧಾನವಾಗಿ ಉರಿಯುವ ಮದ್ದನ್ನು ಹೆಚ್ಚು ತುಂಬಿ ಭಾರವಾದ ಗುಂಡಿನ ಹಿಂದೆ ಇಟ್ಟರೆ, ಚೇಂಬರ್‌ನ ಗರಿಷ್ಠ ಒತ್ತಡ ಮಿತಿಯೊಳಗೇ ಇದ್ದರೂ, ಮದ್ದು ನಳಿಕೆಯುದ್ದಕ್ಕೂ ಉರಿಯುತ್ತ ಹೋಗುವುದರಿಂದ ತೂತಿನ ಬಳಿಯ ಒತ್ತಡ ಮಾಮೂಲಿಗಿಂತ ಬಹಳ ಹೆಚ್ಚಿರುತ್ತದೆ. ಚೇಂಬರ್ ತಾಳಿಕೊಳ್ಳುತ್ತದೆ, ಆಪರೇಟಿಂಗ್ ರಾಡ್ ತಾಳಿಕೊಳ್ಳುವುದಿಲ್ಲ. ನಳಿಕೆಯ ಕೆಳಗಿನಿಂದ ರಿಸೀವರ್‌ನ ಬಲಬದಿಗೆ ಬಾಗಿ ಹೋಗುವ ಆ ಉದ್ದನೆಯ ರಾಡ್ ಅತಿವೇಗದಿಂದ ಹಿಂದಕ್ಕೆ ಬಡಿದರೆ ಬಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಯುದ್ಧಾನಂತರ ಅದರ ಚೌಕ ಮೂಲೆಯನ್ನು ದುಂಡಗೆ ಕತ್ತರಿಸಿ ಬಿರುಕು ತಡೆಯುವ ತಿದ್ದುಪಡಿ ಬಂತು. ಎಂ1ರಲ್ಲಿ ಹಾರಿಸುತ್ತಿದ್ದ ಸೇನೆಯ ಎಂ2 ಎಂಬ .30 ತೋಟಾಕ್ಕೆ ಬಳಸಿದ ಐಎಂಆರ್ 4895 ಮದ್ದು ಮಧ್ಯಮ ವೇಗದಲ್ಲಿ ಉರಿಯುವಂಥದು. ಎಂ1ಗೆ ತೋಟಾ ತುಂಬಿಕೊಳ್ಳುವವರು ಇಂದಿಗೂ ಆ ವೇಗದ ಆಸುಪಾಸಿನ ಮದ್ದನ್ನೇ ಆಯ್ದುಕೊಳ್ಳುವುದು ತೂತಿನ ಬಳಿಯ ಒತ್ತಡವನ್ನು ಅದರ ಹದದಲ್ಲಿ ಇಡುವುದಕ್ಕಾಗಿ.

ರೈಫಲ್ ಗ್ರೆನೇಡ್ ಈ ಸಮಸ್ಯೆಯ ತೀವ್ರ ರೂಪ. ಭಾರವಾದ ಗ್ರೆನೇಡನ್ನು ಗುಂಡಿಲ್ಲದ ವಿಶೇಷ ತೋಟಾದಿಂದ ಹಾರಿಸುವಾಗ ಅನಿಲದ ಒತ್ತಡ ಸಿಲಿಂಡರ್‌ನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅದಕ್ಕಾಗಿ ಸಿಲಿಂಡರ್‌ನ ಮುಂಬಾಯಿ ಮುಚ್ಚುವ ಸ್ಕ್ರೂವಿನಲ್ಲೇ ಒಂದು ಕವಾಟವನ್ನು ಅಳವಡಿಸಿದರು. ಎಂ7 ಲಾಂಚರ್ ಮೂತಿಗೆ ಸಿಕ್ಕಿಸಿದಾಗ ಅದರ ಗೂಟ ಕವಾಟವನ್ನು ಒತ್ತಿ ತೆರೆದಿಟ್ಟು ಅನಿಲವನ್ನು ಮುಂದಕ್ಕೆ ಹೊರಬಿಡುತ್ತದೆ, ರಾಡ್ ಪೆಟ್ಟಿನಿಂದ ಪಾರಾಗುತ್ತದೆ. ಲಾಂಚರ್ ಇರುವಷ್ಟು ಹೊತ್ತು ರೈಫಲ್ ತಾನಾಗಿ ಮುಂದಿನ ತೋಟಾ ತುಂಬಿಕೊಳ್ಳದು ಎಂಬುದು ಇದಕ್ಕೆ ತೆತ್ತ ಬೆಲೆ. ಸಿಲಿಂಡರ್‌ಗೆ ಕೈಹಚ್ಚದೆ ಸ್ಕ್ರೂ ಒಂದನ್ನೇ ಬದಲಿಸಿ ಸಾಧಿಸಿದ ಈ ಪರಿಹಾರ, ನನ್ನ ಮಟ್ಟಿಗೆ, ಇಡೀ ಪ್ರಕರಣದಲ್ಲೇ ಹೆಚ್ಚು ಜಾಣತನದ್ದು. ಭಾರವಾದ ತೋಟಾ ಬಳಸಬಯಸುವ ನಾಗರಿಕ ಮಾಲೀಕರಿಗಾಗಿ ಈಗ ಸಿಗುವ ಹೊಂದಿಸಬಲ್ಲ ಸ್ಕ್ರೂಗಳು ಇದೇ ಯೋಚನೆಯ ಮುಂದುವರಿಕೆ. ಅವು ಹೆಚ್ಚುವರಿ ಅನಿಲವನ್ನು ಸಿಲಿಂಡರ್‌ನ ಮುಂದಿನಿಂದ ಬೇಕಾದ ಪ್ರಮಾಣದಲ್ಲಿ ಹೊರಬಿಡುತ್ತವೆ. ಆದರೆ ಹೊರಬಿಡುವ ಪ್ರಮಾಣವನ್ನು ಒಂದು ತೋಟಾಕ್ಕೆ ಹೊಂದಿಸಿ, ಆಮೇಲೆ ಇನ್ನೊಂದನ್ನು ಹಾಕಿದರೆ ಮೊದಲಿದ್ದ ಸಮಸ್ಯೆಯೇ ತಲೆಕೆಳಗಾಗಿ ಮರಳುತ್ತದೆ.

1957ರಲ್ಲಿ ಎಂ1ರ ಸ್ಥಾನಕ್ಕೆ ಬಂದ ಎಂ14ರ ಬೋಲ್ಟ್, ಟ್ರಿಗರ್ ಜೋಡಣೆ ಮುಂತಾದ ಕಡೆ ಗ್ಯಾರಂಡ್ ಅವರ ಗುರುತು ಎದ್ದು ಕಾಣುತ್ತದೆ, ಗ್ಯಾಸ್ ಸಿಲಿಂಡರ್‌ನಲ್ಲಿ ಮಾತ್ರ ಕಾಣುವುದಿಲ್ಲ. ತೂತು ಬಾಯಿಂದ ಸುಮಾರು ಎಂಟು ಇಂಚು ಹಿಂದಕ್ಕೆ ಸರಿಯಿತು, ಪಿಸ್ಟನ್ ಆಪರೇಟಿಂಗ್ ರಾಡ್‌ನಿಂದ ಬೇರ್ಪಟ್ಟು ಗಿಡ್ಡವಾಯಿತು, ಟೊಳ್ಳಾಯಿತು. ಅನಿಲ ಪಿಸ್ಟನ್‌ನ ಮೈಯಲ್ಲಿರುವ ಕಿಂಡಿಯಿಂದ ಅದರೊಳಗೆ ತುಂಬಿಕೊಳ್ಳುತ್ತದೆ; ಪಿಸ್ಟನ್ ಹಿಂದೆ ಸರಿದಂತೆ ಆ ಕಿಂಡಿ ನಳಿಕೆಯ ತೂತಿನ ನೇರದಿಂದ ಜಾರಿ, ಅನಿಲದ ದಾರಿಯನ್ನು ತಾನೇ ಮುಚ್ಚುತ್ತದೆ. ಒತ್ತಡ ಹೆಚ್ಚಿದ್ದರೆ ಪಿಸ್ಟನ್ ಬೇಗ ಸರಿದು ದಾರಿ ಬೇಗ ಮುಚ್ಚುತ್ತದೆ, ಕಡಿಮೆಯಿದ್ದರೆ ತಡವಾಗಿ. ಗ್ರೆನೇಡ್ ಹಾರಿಸುವಾಗ ಅನಿಲವನ್ನು ಪೂರ್ತಿ ತಡೆಯಲು ಅದರಲ್ಲಿ ಪ್ರತ್ಯೇಕ ಕವಾಟವೂ ಇದೆ. ಫ್ರಂಟ್ ಸೈಟ್ ಅಲ್ಲಿ ಗ್ಯಾಸ್ ಸಿಲಿಂಡರ್ ಬಿಟ್ಟು ಬೆಂಕಿಯ ಮಿಂಚನ್ನು ತಗ್ಗಿಸಲು ಮೂತಿಗೆ ಹಾಕುವ ಫ್ಲ್ಯಾಶ್ ಸಪ್ರೆಸರ್ ಮೇಲೆ ಕುಳಿತಿದೆ. ಎಂ14 ತಿದ್ದುವ ಕುಶಲಕರ್ಮಿಗಳು ಈಗ ಆ ಸಪ್ರೆಸರ್‌ನ ಹಿಡಿತವನ್ನು ಪರೀಕ್ಷಿಸುತ್ತಾರೆ.